ಗೋಡೆ ದಾಟದ ಸ್ವರ

ಮಾಘಮಾಸದ ಸಂಜೆ ಹೊನ್ನಾಳಿಯ ಮೇಲೆ ಇಳಿಯುವ ಪರಿಯನ್ನು ಕಂಡವರೇ ಬಲ್ಲರು! ಸೇತುವೆಯ ಕೆಳಗೆ ತುಂಗಭದ್ರೆ ತೆಳುವಾಗಿ, ಬಂಡೆಗಳ ಬೆನ್ನು ಸವರುತ್ತಾ, ಅಸ್ತಮಾನದ ಹೊಂಬಣ್ಣವನ್ನು ಮಡಿಲಲ್ಲಿ ತುಂಬಿಕೊಂಡು ಹರಿಯುತ್ತಿರುತ್ತಾಳೆ. ಆಗಷ್ಟೇ ನಾಟಿಯಾದ ಗದ್ದೆಗಳ ಎಳೆಯ ಪೈರು ತಂಗಾಳಿಗೆ ಮೈಯೊಡ್ಡಿ ಕಂಪಿಸುತ್ತದೆ. ಶಿವಮೊಗ್ಗದ ಕಡೆಯ ಬಸ್ಸಿನ ಸದ್ದು ದೂರದಲ್ಲಿ ಕರಗಿದ ಮೇಲೆ ಊರಿನ ಮೇಲೆ ಮೃದುಮೌನವೊಂದು ಹರಡಿಕೊಳ್ಳುತ್ತದೆ... ಅಂತಹ ಸಂಜೆಗಳಲ್ಲಿ ಮನುಷ್ಯನ ಅಂತರಂಗ ತನ್ನೊಳಗಿನ ಮಾತನ್ನು ಯಾರಿಗಾದರೂ ಹೇಳಿಬಿಡಲು ಹಂಬಲಿಸುತ್ತದೆ. ಗುರುಬಸವರಾಜನೂ ಹಂಬಲಿಸಿದ. ಆದರೆ, ಸಹೃದಯರೇ, ಅವನು ಹೇಳಲಿಲ್ಲ.

ಚನ್ನಗಿರಿಯವನಾದ ಗುರುಬಸವರಾಜ ಹೊನ್ನಾಳಿಯ ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ. ಮೂವತ್ತು ದಾಟಿದ, ಅವಿವಾಹಿತ, ಮಿತಭಾಷಿ. ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬ ಬಿಟ್ಟುಹೋದ ಎಲೆಕ್ಟ್ರಿಕ್ ಗಿಟಾರ್ ಅವನ ಕೋಣೆಯ ಮೂಲೆಯಲ್ಲಿ ವರ್ಷಗಟ್ಟಲೆ ಮೂಕವಾಗಿ ಒರಗಿತ್ತು. ಕೊನೆಗೊಂದು ದೀಪಾವಳಿಗೆ ಅದರ ದನಿಯನ್ನು ಹಿಗ್ಗಿಸುವ, ತನ್ನ ಕೈಗೆಟುಕುವ ಪುಟ್ಟ ಆಂಪ್ಲಿಫೈಯರ್ ಒಂದನ್ನು ಅವನು ತರಿಸಿಕೊಂಡ. ಹಿಟ್ಟಿನ ಡಬ್ಬಿಯಷ್ಟೇ ಗಾತ್ರ. ಫ್ಯಾನ್ ಹಾಕಿದರೆ ಗುಂಯ್ ಎನ್ನುವ, ಗುಂಡಿಯನ್ನು ತುಸು ಹೆಚ್ಚು ತಿರುಗಿಸಿದರೆ ಕರಕರಗುಟ್ಟುವ ಅಗ್ಗದ ವಸ್ತು. ಆದರೂ ಮೊದಲ ಸ್ವರ ಅದರೊಳಗಿಂದ ಹೊಮ್ಮಿ ಕೋಣೆಯ ಗೋಡೆಗಳನ್ನೆಲ್ಲ ಮುಟ್ಟಿ ಮರಳಿದ ಆ ಕ್ಷಣ, ಬೇಸಿಗೆಯ ಮೊದಲ ಮಳೆಗೆ ನೆಲ ಉಸಿರುಬಿಟ್ಟಂತೆ ಅವನ ಮೈಯೆಲ್ಲ ಪುಲಕಿತವಾಯಿತು!

ಆ ಕೋಣೆಯ ಒಂದು ಗೋಡೆಯ ಆಚೆ ಸಂಧ್ಯಾರಾಣಿಯ ಮನೆ. ಜಗಳೂರಿನ ಹುಡುಗಿ; ನ್ಯಾಮತಿಯಿಂದ ವರ್ಗವಾಗಿ ಬಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಜೊತೆಗೆ ತಾಯಿ ಬೊಮ್ಮಕ್ಕ. ತಾಯಿಗೆ ಕನ್ನಡಕ ಕೊಡಿಸಲು ಅಂಗಡಿಗೆ ಬಂದ ದಿನ, ಹೊಸ ಕನ್ನಡಕ ತೊಟ್ಟ ಬೊಮ್ಮಕ್ಕ ಮಗಳ ಮುಖವನ್ನೇ ದಿಟ್ಟಿಸಿ, “ಎಷ್ಟು ಸೊರಗೀಯಲ್ಲೇ” ಎಂದಾಗ ಸಂಧ್ಯಾರಾಣಿ ನಕ್ಕ ನಗೆ ಗುರುಬಸವರಾಜನ ಎದೆಯಲ್ಲಿ ನೆಲೆಯೂರಿತು. ಅಂದಿನಿಂದ ಅವನ ಬೆರಳುಗಳು ಹುಡುಕಿದ್ದೆಲ್ಲ ಆ ನಗೆಯ ಸ್ವರರೂಪವನ್ನೇ...

ಒಂದು ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದು ಅವನು ಗಿಟಾರ್ ನುಡಿಸುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ನಿದ್ದೆಯಿಲ್ಲದೆ ಕೆಂಪೇರಿದ ಕಣ್ಣುಗಳ ಸಂಧ್ಯಾರಾಣಿ ಹೊಸ್ತಿಲಾಚೆ ನಿಂತಿದ್ದಳು.

“ತಪ್ಪು ತಿಳೀಬ್ಯಾಡ್ರಿ. ನಂಗೆ ನೈಟ್ ಡ್ಯೂಟಿ ಐತೆ. ಮಧ್ಯಾಹ್ನ ಒಂದೀಟು ಸೌಂಡ್ ಕಮ್ಮಿ ಇಟ್ರೆ ಮಲಗಾಕೆ ಆಗುತ್ತೆ.”

“ಆಯ್ತು ರೀ. ನಂಗೆ ಗೊತ್ತಾಗಲಿಲ್ಲ” ಎಂದನಷ್ಟೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನವೇ ಹೆಡ್‌ಫೋನ್ ತಂದ. ಅದನ್ನು ಸಿಕ್ಕಿಸಿದರೆ ಆಂಪ್ಲಿಫೈಯರ್ ಹೊರಗೆ ತುಟಿ ಬಿಚ್ಚುವುದಿಲ್ಲ. ಹಾಡೆಲ್ಲ ನುಡಿಸುವವನ ಕಿವಿಗಷ್ಟೇ. ಮಧ್ಯಾಹ್ನವಷ್ಟೇ ಅಲ್ಲ, ಬೆಳಗ್ಗೆ, ಸಂಜೆ, ಅವಳು ಡ್ಯೂಟಿಗೆ ಹೋದ ಹೊತ್ತಿನಲ್ಲೂ ಅವನು ಹೆಡ್‌ಫೋನ್ ತೆಗೆಯಲಿಲ್ಲ. ಆ ನಿಶ್ಶಬ್ದದ ಗರ್ಭದಲ್ಲೇ ಅವಳಿಗಾಗಿ ಒಂದು ರಾಗ ಬೆಳೆಯಿತು. ಹೊಳೆಯಂತೆ ಮೆಲ್ಲಗೆ ತೊಡಗಿ, ನಡುವೆ ತುಸು ತಡವರಿಸಿ, ಕೊನೆಗೆ ಅರಳಿ ನಿಲ್ಲುವ ರಾಗ. ಅದು ಪೂರ್ತಿ ತಿದ್ದಿದ ಮೇಲೆ ಕೇಳಿಸಬೇಕೆಂದುಕೊಂಡ. ತಿದ್ದಿದಷ್ಟೂ ತಿದ್ದುವುದು ಉಳಿಯಿತು. ಎದುರು ಸಿಕ್ಕಾಗಲೆಲ್ಲ ಅವಳೇನೋ ಕೇಳಲು ತವಕಿಸಿದಂತೆ ಕಾಣುತ್ತಿತ್ತು. ಇವನು ಅಪರಾಧಿಯಂತೆ ತಲೆತಗ್ಗಿಸಿ ಸರಿದುಹೋಗುತ್ತಿದ್ದ.

ವೈಶಾಖದ ಒಂದು ಬೆಳಿಗ್ಗೆ ಪಕ್ಕದ ಮನೆಯ ಮುಂದೆ ಸಾಮಾನಿನ ಗಾಡಿ ಬಂದು ನಿಂತಿತು. ಸಂಧ್ಯಾರಾಣಿಗೆ ಜಗಳೂರಿಗೆ ವರ್ಗವಾಗಿತ್ತು. ಬೊಮ್ಮಕ್ಕ ಇವನನ್ನು ಕಂಡು, “ಊರಾಗೇ ಸಂಬಂಧ ಕೂಡಿ ಬಂತಪ್ಪ. ಮದುವಿಗೆ ಬರಬೇಕು ನೀನು” ಎಂದಳು. ಅವನು ತಲೆಯಾಡಿಸಿದ. ನಂತರ ಸಂಧ್ಯಾರಾಣಿ ತಾನೊಬ್ಬಳೇ ಅವನ ಬಾಗಿಲಿಗೆ ಬಂದಳು.

“ನನ್ನ ಮ್ಯಾಲೆ ಸಿಟ್ಟು ಹೋಗ್ಲೇ ಇಲ್ಲ ಅಲ್ರೀ ನಿಮಗೆ?”

“ಸಿಟ್ಟಾ? ನಂಗ್ಯಾಕೆ?”

“ಯುಗಾದಿ ಮುಂದೆ ಒಂದು ಸಂಜೆ ಬಂದಿದ್ದೆ. ಎಷ್ಟು ಹೊತ್ತು ಬಾಗಿಲು ಬಡಿದೆ. ಒಳಗೆ ಲೈಟ್ ಉರೀತಿತ್ತು, ನೀವು ತೆಗೀಲಿಲ್ಲ.” ಅವಳು ದನಿ ತಗ್ಗಿಸಿ, “ಆಗಿನ್ನೂ ಜಗಳೂರಿನೋರಿಗೆ ಮಾತು ಕೊಟ್ಟಿರಲಿಲ್ಲ” ಎಂದಳು.

ಅವನಿಗೆ ಆಗ ಹೊಳೆಯಿತು: ಕಿವಿ ಮುಚ್ಚಿಕೊಂಡು ಅವಳ ರಾಗದಲ್ಲೇ ಮುಳುಗಿದ್ದ ಹೊತ್ತಿನಲ್ಲಿ ಅವಳೇ ಬಂದು ಬಾಗಿಲಲ್ಲಿ ಕಾದು ಹಿಂದಿರುಗಿದ್ದಳು! ಒಳಗೆ ಹೋಗಿ ಹೆಡ್‌ಫೋನ್ ತಂತಿಯನ್ನು ಕಿತ್ತು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ. ಪುಟ್ಟ ಆಂಪ್ಲಿಫೈಯರ್ ಬಹುಕಾಲದ ಮೇಲೆ ಗಂಟಲು ಸರಿಪಡಿಸಿಕೊಂಡಿತು. ಬೆರಳು ಒಂದೆರಡು ಕಡೆ ತಪ್ಪಿತು. ಅಗ್ಗದ ಸ್ಪೀಕರ್ ಎತ್ತರದ ಸ್ವರದಲ್ಲಿ ಬಿರಿಯಿತು. ಆದರೂ ರಾಗ ಹೊಸ್ತಿಲು ದಾಟಿತು, ಬೀದಿಗಿಳಿಯಿತು. ಗಾಡಿಗೆ ಮಂಚ ಏರಿಸುತ್ತಿದ್ದವರು ಕೈತಡೆದು ನಿಂತರು. ಸಂಧ್ಯಾರಾಣಿ ಬಾಗಿಲಿನ ಚೌಕಟ್ಟಿಗೆ ಒರಗಿ, ಕೊನೆಯ ಸ್ವರ ಆರುವವರೆಗೂ ಕದಲದೆ ಆಲಿಸಿದಳು.

“ಇಷ್ಟು ದಿನ ಇದು ಒಳಗೇ ಇತ್ತೇನ್ರಿ?”

“ನಿಮ್ಮ ನಿದ್ದೆ ಕೆಡಬಾರ್ದು ಅಂತ...”

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು, ಮೆಲ್ಲನೆ, “ನಾನು ಮಧ್ಯಾಹ್ನಕ್ಕಷ್ಟೇ ಬ್ಯಾಡ ಅಂದಿದ್ದೆ” ಎಂದಳು.

ಹೊರಗಿನಿಂದ ಬೊಮ್ಮಕ್ಕ ಕೂಗಿದಳು. ಗಾಡಿ ಹೊರಟಿತು. ಜ್ಯೇಷ್ಠದಲ್ಲಿ ಜಗಳೂರಿನಲ್ಲಿ ಮದುವೆಯೂ ನಡೆಯಿತು; ಗುರುಬಸವರಾಜ ಹೋಗಲಿಲ್ಲ. ಅವಳು ಸುಖವಾಗಿದ್ದಾಳೆಂಬ ಸುದ್ದಿ ಆ ಕಡೆಯ ಗಿರಾಕಿಗಳಿಂದ ಆಗಾಗ ಬರುತ್ತದೆ. ಕೇಳಿ ಅವನಿಗೆ ನಿಜಕ್ಕೂ ಸಂತೋಷವಾಗುತ್ತದೆ... ಆ ಸಂತೋಷದ ಬೆನ್ನಿಗೇ ಇನ್ನೊಂದು ಭಾವವೂ ಬಂದು ಕೂರುತ್ತದೆ.

ಪ್ರೀತಿಪಾತ್ರರಿಗೆ ನೋವಾಗಬಾರದೆಂದು ನಾವು ಎಷ್ಟು ಜೋಪಾನವಾಗಿ ನಮ್ಮನ್ನೇ ಅಡಗಿಸಿಕೊಳ್ಳುತ್ತೇವೆ! ಅವರು ಕೇಳಿದ್ದು ಒಂದಿಷ್ಟು ವಿಶ್ರಾಂತಿಯನ್ನು. ನಾವು ಕೊಟ್ಟುಬಿಡುವುದು ಇಡೀ ಮೌನವನ್ನು. ಕೊಟ್ಟವನಿಗೆ ಅದು ತ್ಯಾಗವೆನಿಸಿದರೆ, ಪಡೆದವರಿಗೆ ತಿರಸ್ಕಾರವಾಗಿ ತೋರುತ್ತದೆ. ಒಲವಿಗೆ ಬೇಕಾದದ್ದು ಪರಿಪೂರ್ಣತೆಯಲ್ಲ. ಬಿರುಕುದನಿಯಲ್ಲಾದರೂ ಸರಿ, ಹೊತ್ತಿಗೆ ಸರಿಯಾಗಿ ನುಡಿಯುವ ಒಂದಿಷ್ಟು ಧೈರ್ಯ...