ಟೈಲರ್ ತೆಗೆಯದ ಅಳತೆ

ಬೀದಿಯ ಜನರ ಸೊಂಟದ ಅಳತೆಯೆಲ್ಲ ಟೈಲರಿಗೆ ಬಾಯಿಪಾಠ. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರ ಮನೆಯವರಿಗಿಂತ ಮೊದಲು ಇವನಿಗೇ ಗೊತ್ತಾಗುತ್ತಿತ್ತು. "ಏನು, ಹೋದ ಸಲಕ್ಕಿಂತ ಎರಡಿಂಚು ಮುಂದೆ ಬಂದಿದ್ದೀರಿ" ಎಂದು ಬಾಗಿಲಲ್ಲೇ ಕಾಲೆಳೆಯುತ್ತಿದ್ದ. ಅವನ ಅಳತೆ ಪುಸ್ತಕದಲ್ಲಿ ಎಲ್ಲರ ಹೆಸರೂ ಇತ್ತು, ಅವನದೊಂದನ್ನು ಬಿಟ್ಟು.

ಐವತ್ತಾರು ದಾಟಿದ ಅವನಿಗೆ ಈ ವರ್ಷವಷ್ಟೇ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಮನೆತನದಲ್ಲಿ ಯಾರಿಗೂ ಇರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟು, ತಿಂಗಳು ಬಿಟ್ಟು ಬನ್ನಿ ಎಂದಿದ್ದರು. ಅವನು ಮಾತ್ರೆ ನುಂಗಿದನೇ ಹೊರತು ಮತ್ತೆ ಹೋಗಲಿಲ್ಲ. ಗಿರಾಕಿಯೊಬ್ಬ ಕೊಟ್ಟ ಕರಪತ್ರವನ್ನು ಮಾತ್ರ ಮೆಷಿನ್ನಿನ ಡ್ರಾಯರಿನಲ್ಲಿ ಜೋಪಾನ ಮಾಡಿದ್ದ. "ಜೀವಕೋಶ ಚಿಕಿತ್ಸೆ. ಒಂದೇ ಇಂಜೆಕ್ಷನ್. ಸಕ್ಕರೆಗೂ ಕ್ಯಾನ್ಸರಿಗೂ ಶಾಶ್ವತ ಪರಿಹಾರ" ಎಂದು ಅದರಲ್ಲಿತ್ತು. ಸೋಮವಾರ ಆ ಕ್ಲಿನಿಕ್ಕಿಗೆ ಹೋಗುವುದೆಂದು ಗಟ್ಟಿ ಮಾಡಿಕೊಂಡಿದ್ದ.

ಶನಿವಾರ ಮಧ್ಯಾಹ್ನ ಹೆಂಡತಿಯ ತಂಗಿ ಅಂಗಡಿಗೆ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಯೂನಿಫಾರಮ್ಮಿನ ತೋಳು ಬಿಚ್ಚಿಕೊಂಡಿತ್ತು. ಟೈಲರ್ ಆಗ ಕಪ್ಪು ಪ್ಯಾಂಟೊಂದರ ಹಿಂಬದಿಯ ಹೊಲಿಗೆ ಬಿಚ್ಚುತ್ತ ಕೂತಿದ್ದ.

"ಯಾರ ಪ್ಯಾಂಟು ಭಾವ?"

"ನಂದೇ. ಸೊಂಟದಲ್ಲಿ ನಿಲ್ತಾ ಇಲ್ಲ, ಸ್ವಲ್ಪ ಒಳಗೆ ಹಿಡೀತಿದ್ದೀನಿ."

ಅವಳು ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹೊಲಿಗೆ ಬಿಚ್ಚಿದ ಕಡೆ ಸೂಜಿಯ ತೂತುಗಳು ಉಳಿದಿದ್ದವು. ಒಂದಲ್ಲ, ಮೂರು ಸಾಲು.

"ಎಷ್ಟನೇ ಸಲ ಹಿಡೀತಿರೋದು?"

"ಮೂರನೇದು. ನಾಲ್ಕು ತಿಂಗಳಲ್ಲಿ. ಶುಗರ್ ಕಂಟ್ರೋಲಿಗೆ ಬಂದು ಮೈ ಇಳೀತಿದೆ ಅಂತ ನಾನು ಖುಷಿಯಾಗಿದ್ದೀನಿ."

"ಅಕ್ಕ ಏನೂ ಕೇಳಲಿಲ್ವಾ?"

"ಬಟ್ಟೆ ಮೈಗೆ ಸರಿಯಾಗೇ ಇರತ್ತಲ್ಲ, ಅವಳಿಗೆ ಹೇಗೆ ಗೊತ್ತಾಗ್ಬೇಕು?"

ತೊಂದರೆ ಇದ್ದದ್ದೇ ಅಲ್ಲಿ. ಬೇರೆಯವರ ಪ್ಯಾಂಟು ಜಾರಿದರೆ ನಾಲ್ಕು ಜನ ಕೇಳುತ್ತಾರೆ. ಇವನು ಜಾರುವ ಮೊದಲೇ ಹೊಲಿದುಕೊಂಡುಬಿಡುತ್ತಿದ್ದ.

ನಾದಿನಿ ಅವನ ಕೊರಳಲ್ಲಿದ್ದ ಟೇಪನ್ನೇ ತೆಗೆದು ಸೊಂಟಕ್ಕೆ ಸುತ್ತಿದಳು. "ಮೂವತ್ತೊಂದು."

"ಸರಿಯಾಗಿ ಹಿಡಿ. ನಂದು ಮೂವತ್ತಾರು."

ಅವನೇ ಹಿಡಿದು ನೋಡಿದ. ಮೂವತ್ತೊಂದೇ. ಜನರ ಮಾತನ್ನು ನಂಬದಿದ್ದರೂ ಟೇಪನ್ನು ನಂಬಿ ಬದುಕಿದವನು ಅವನು. ಮೊದಲ ಬಾರಿಗೆ ಅವನಿಗೆ ಭಯವಾಯಿತು.

"ಬೆನ್ನು ನೋವಿದೆಯಾ?"

"ಮೆಷಿನ್ ತುಳಿಯೋನಿಗೆ ಬೆನ್ನು ನೋಯದೆ ಇರತ್ತೇನಮ್ಮ?"

"ಹಸಿವು?"

ಅವನು ಮೂಲೆಯಲ್ಲಿ ಇನ್ನೂ ಮುಚ್ಚಳ ತೆಗೆಯದೆ ಇಟ್ಟಿದ್ದ ಊಟದ ಡಬ್ಬಿಯ ಕಡೆ ನೋಡಿದ.

"ನೋಡಿ ಭಾವ, ಹೊಟ್ಟೆಯ ಹಿಂದೆ ಮೇದೋಜ್ಜೀರಕ ಗ್ರಂಥಿ ಅಂತ ಇದೆ. ಇನ್ಸುಲಿನ್ ಮಾಡೋ ಜೀವಕೋಶ ಇರೋದು ಅಲ್ಲೇ. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಬಂದು, ಜೊತೆಗೆ ಸುಮ್ಮಸುಮ್ಮನೆ ತೂಕ ಇಳಿದ್ರೆ, ಅಪರೂಪಕ್ಕೆ ಅಲ್ಲಿ ಕ್ಯಾನ್ಸರ್ ಗಡ್ಡೆ ಇರಬಹುದು. ಬಹಳ ಜನಕ್ಕೆ ಇರಲ್ಲ. ಆದ್ರೆ ನೋಡದೆ ಇಲ್ಲ ಅನ್ನೋಕಾಗಲ್ಲ."

ಅವನು ಡ್ರಾಯರಿನಿಂದ ಕರಪತ್ರ ತೆಗೆದ. "ಹಾಗಾದ್ರೆ ಇದೇ ವಾಸಿ ಅಲ್ವಾ? ಎರಡಕ್ಕೂ ಒಂದೇ ಇಂಜೆಕ್ಷನ್."

ಅವಳು ಪೂರ್ತಿ ಓದಿದಳು. "ವಿಜ್ಞಾನಿಗಳು ಇದರ ಮೇಲೆ ಕೆಲಸ ಮಾಡ್ತಿರೋದು ನಿಜ. ಜೀವಕೋಶ ತಯಾರು ಮಾಡಿ, ಎಲ್ಲಿ ಬೇಕೋ ಅಲ್ಲಿಗೇ ಕಳಿಸೋಕೆ ನೋಡ್ತಿದ್ದಾರೆ. ಸಕ್ಕರೆ ಕಾಯಿಲೇಲಿ ಇನ್ಸುಲಿನ್ ಕೋಶ ಉಳಿಸೋಕೆ, ಕ್ಯಾನ್ಸರಲ್ಲಿ ಗಡ್ಡೆ ಸಾಯಿಸೋಕೆ. ಆದ್ರೆ ಎರಡಕ್ಕೂ ಬೇರೆ ಬೇರೆ ಕೋಶ ಬೇಕು. ಬಹುಪಾಲು ಇನ್ನೂ ಪರೀಕ್ಷೆಯ ಹಂತದಲ್ಲೇ ಇದೆ. ಯಾವ ರೋಗ, ಎಷ್ಟು ಹರಡಿದೆ, ಯಾರ ಮೈ ಎಂಥದ್ದು ಅಂತ ನೋಡಿ ಕೊಡೋದು ಅದು."

"ಅಂದ್ರೆ, ಅಳತೆ ತಗೊಂಡು ಹೊಲಿಯೋದು."

"ಹೂಂ. ಇವರು ನಿಮ್ಮ ಮುಖ ನೋಡೋ ಮುಂಚೆನೇ ಹೊಲಿದಿಟ್ಟಿದ್ದಾರೆ."

ಆ ಮಾತು ಥಟ್ಟನೆ ನಾಟಿತು. ಜನ್ಮದಲ್ಲೇ ರೆಡಿಮೇಡ್ ಬಟ್ಟೆ ನಂಬದವನು ತನ್ನ ಜೀವವನ್ನು ರೆಡಿಮೇಡಿಗೆ ಒಪ್ಪಿಸಲು ಹೊರಟಿದ್ದ.

ಸೋಮವಾರ ಅವನು ಹೆಂಡತಿಯನ್ನು ಕರೆದುಕೊಂಡು ಡಾಕ್ಟರ ಬಳಿಗೇ ಹೋದ. ಮಾತ್ರೆ ಚೀಟಿಯ ಜೊತೆ ಆ ಪ್ಯಾಂಟನ್ನೂ ಒಯ್ದಿದ್ದ. ಮೂರು ಸಾಲು ತೂತು ನೋಡಿ ಡಾಕ್ಟರು ನಗಲಿಲ್ಲ. ಸ್ಕ್ಯಾನಿಗೆ ಬರೆದುಕೊಟ್ಟರು.

ಗಡ್ಡೆ ಇತ್ತು. ಚಿಕ್ಕದು, ಬೇರೆಡೆ ಹರಡಿರಲಿಲ್ಲ, ಆಪರೇಷನ್ ಮಾಡಬಹುದಿತ್ತು. ಇನ್ನೂ ತಡವಾಗಿದ್ದರೆ ಹೀಗೆ ಹೇಳಲಾಗುತ್ತಿರಲಿಲ್ಲವೇನೋ ಎಂದರು ಡಾಕ್ಟರು.

"ನಾಲ್ಕು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲ" ಎಂದಳು ಹೆಂಡತಿ, ಹೊರಗೆ ಬೆಂಚಿನ ಮೇಲೆ.

"ನನ್ನ ಕಣ್ಣಿಗೇ ಎರಚಿಕೊಂಡಿದ್ದೆ ಕಣೇ."

ಆಪರೇಷನ್ ಆಯಿತು, ಔಷಧಿ ಇನ್ನೂ ನಡೆಯುತ್ತಿದೆ. ಮುಂದೇನೆಂದು ಯಾರೂ ಮಾತು ಕೊಟ್ಟಿಲ್ಲ. ಅಂಗಡಿಗೆ ಮರಳಿದ ದಿನ ಅವನು ಅಳತೆ ಪುಸ್ತಕದಲ್ಲಿ ತನ್ನ ಹೆಸರು ಬರೆದು, ಮುಂದೆ ಸೊಂಟದ ಅಳತೆ, ತಾರೀಖು ಹಾಕಿದ. ಕಪ್ಪು ಪ್ಯಾಂಟನ್ನು ಒಳಗೆ ಹಿಡಿಯಲಿಲ್ಲ. ಬೆಲ್ಟು ಬಿಗಿದುಕೊಂಡು ಓಡಾಡುತ್ತಾನೆ. ಸೊರಗಿದರೆ ಹೆಂಡತಿಗೆ ಕಾಣಲಿ ಎಂದು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬಟ್ಟೆ ಸಡಿಲವಾಗುತ್ತಿದೆಯೇ? ಐವತ್ತರ ಮೇಲೆ ಹೊಸದಾಗಿ ಸಕ್ಕರೆ ಬಂದು, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನಿಮ್ಮಷ್ಟಕ್ಕೆ ಮಾತ್ರೆ ನಿಲ್ಲಿಸಬೇಡಿ. ಜೀವಕೋಶ ಚಿಕಿತ್ಸೆ ಎಂದು ಯಾರಾದರೂ ಕರೆದರೆ, ಇದಕ್ಕೆ ಒಪ್ಪಿಗೆ ಸಿಕ್ಕಿದೆಯೇ, ಇನ್ನೂ ಪರೀಕ್ಷೆಯೇ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಇವತ್ತು ಸಂಜೆ ಮನೆಯ ಹಿರಿಯರ ಸೊಂಟಕ್ಕೊಮ್ಮೆ ಟೇಪು ಹಿಡಿಯಿರಿ. ನಿಮ್ಮದನ್ನೂ ಬಿಡಬೇಡಿ.