ಟವೆಲ್ ಹಾಕಿದ ಜಾಗ

ಇನ್ನಷ್ಟು ಕೆಂಪು ಹೃದಯಗಳು, ಕಂಪ್ಯೂಟರಿನ ಪರದೆಯ ಮೂಲೆಯಿಂದ ಒಂದರ ಹಿಂದೊಂದು ಏಳುತ್ತಿವೆ, ಹಾಲು ಉಕ್ಕುವ ಮೊದಲು ಪಾತ್ರೆಯ ಅಂಚಿನಲ್ಲಿ ಗುಳ್ಳೆ ಏಳುತ್ತವಲ್ಲ ಹಾಗೆ, ಯಾರಿಗೆ ಬೇಕಿವು, ಸುಮಲತ ಒಂದನ್ನೂ ತೆರೆದು ನೋಡಲಿಲ್ಲ, ನೋಡದೆಯೂ ಗೊತ್ತು, ಹುಬ್ಬಳ್ಳಿಯವನೊಬ್ಬ, ದುಬೈಯಲ್ಲಿರುವವನೊಬ್ಬ, ಅಮ್ಮ ಬೇಗ ಸಿಗಲಿ, ದೇವರಿದ್ದಾನೆ, ಕೈಮುಗಿದ ಚಿತ್ರ, ಹಾಯ್ ಮೇಡಂ — ಹಾಯ್ ಅಂತೆ, ನಿನ್ನೆ ಬೆಳಿಗ್ಗೆ ಬಂಗಾರಪೇಟೆಯ ಈ ಮನೆಯ ಗೇಟು ತೆರೆದುಕೊಂಡು ಹೋದ ಅಮ್ಮ ಇವತ್ತು ಬಿಸಿಲೇರಿದರೂ ಸಿಕ್ಕಿಲ್ಲ, ಇವನಿಗೆ ಹಾಯ್. ಹೊರಗೆ ಕೊಟ್ಟಿಗೆಯಲ್ಲಿ ಕರು ಅರಚುತ್ತಿದೆ, ಕಟ್ಟಿದವರಿಲ್ಲ ಬಿಚ್ಚಿದವರಿಲ್ಲ, ಅಣ್ಣ ಆಂಜಿನಪ್ಪ ರಾತ್ರಿಯೆಲ್ಲ ಬೈಕಿನಲ್ಲಿ ಸುತ್ತಿ ಈಗ ತಾನೇ ಬಂದು ಜಗಲಿಯ ಮೇಲೆ ತಲೆ ಹಿಡಿದು ಕೂತಿದ್ದಾನೆ, ರೈಲ್ವೆ ಸ್ಟೇಷನ್ನು ನೋಡ್ದೆ, ಆಂಡರ್ಸನ್‌ಪೇಟೆ ನೋಡ್ದೆ, ನಂದಿದುರ್ಗ ಗಣಿಯ ಲೈನ್ ಮನೆಗಳ್ನೂ ಬಿಡ್ಲಿಲ್ಲ ಕಣಮ್ಮಿ, ಇನ್ನೆಲ್ಲಿ ನೋಡ್ಲಿ, ನಿನ್ ಕಂಪ್ಯೂಟ್ರು ಏನಂತದೆ. ಕಂಪ್ಯೂಟರು ಏನನ್ನುತ್ತದೆ, ಲಕ್ಷ ಜನ ನೋಡಿದರು ಅನ್ನುತ್ತದೆ, ಅಮ್ಮ ಕಾಣೆಯಾಗಿದ್ದಾಳೆಂಬ ನಿನ್ನ ಜಾಹೀರಾತು ಬಹಳ ಚೆನ್ನಾಗಿ ನಡೆಯುತ್ತಿದೆ ಅನ್ನುತ್ತದೆ, ಪಕ್ಕದಲ್ಲಿ ಹಸಿರು ಬಾಣ ಮೇಲಕ್ಕೆ.

ಚೆನ್ನಾಗಿ, ಚೆನ್ನಾಗಿ ಅಂದರೆ ಯಾರಿಗೆ ಚೆನ್ನಾಗಿ, ಇದನ್ನೇ ಅಲ್ಲವೇ ಅವಳು ನಿನ್ನೆ ಫೋನಿನಲ್ಲಿ ಅಷ್ಟುದ್ದ ಹೇಳಿದ್ದು, ಆಂಡರ್ಸನ್‌ಪೇಟೆಯ ಸೀರೆ ಅಂಗಡಿಯ ಸುಧಾಕರ್‌ಗೆ, ಅವನ ಜಾಹೀರಾತು ನೋಡಿಕೊಳ್ಳುವವಳು ಅವಳೇ, ಅವನಿಗೋ ನಾಳೆಯೇ ಇಡೀ ಕರ್ನಾಟಕ ಬಂದು ಅವನ ಅಂಗಡಿಯಲ್ಲಿ ಸೀರೆ ಕೊಳ್ಳಬೇಕು, ಸಾರ್, ಈ ಮೆಷೀನು ನಮಗೆ ಬೇಕಾದ್ದು ಕೊಡಲ್ಲ, ನಾವು ಕೇಳಿದ್ದು ಕೊಡುತ್ತೆ, ಲೈಕ್ ಕೇಳಿದರೆ ಲೈಕ್ ಒತ್ತುವವರನ್ನೇ ಹುಡುಕಿಕೊಂಡು ಹೋಗುತ್ತೆ, ಅವರು ಕೊಳ್ಳುವವರೇ ಆಗಬೇಕಿಲ್ಲ, ಗುರಿ ಕೈಗೆಟುಕುವಂತಿರಬೇಕು, ಸುತ್ತಲಿನ ಹಳ್ಳಿಯವರು ಫೋನ್ ಮಾಡಲಿ ಅಂತ ಕೇಳೋಣ, ಅಷ್ಟು ಕೇಳಿದರೆ ಅದು ಕಲಿಯುತ್ತೆ. ಎಷ್ಟು ಜಾಣತನದಿಂದ ಹೇಳುತ್ತಿದ್ದಳು, ತನ್ನ ದನಿಯನ್ನು ತಾನೇ ಮೆಚ್ಚಿಕೊಂಡು, ಆಗಲೇ ಅಮ್ಮ ಮುನಿನಾರಾಯಣಮ್ಮ ಬಾಗಿಲಲ್ಲಿ ಬಂದು ನಿಂತಿದ್ದು, ಮಾಸಿದ ಹಸಿರು ಸೀರೆ, ಹೆಗಲ ಮೇಲೆ ಕೆಂಪು ಗೆರೆಯ ಟವೆಲ್ಲು, ಬಸ್ಸು ಬರೋ ಒತ್ತಾಯ್ತು, ಸೀಟು ಇಡ್ದಿರ್ತೀನಿ, ಬಿರ್‍ನೆ ಬಾಮ್ಮ. ಯಾವ ಬಸ್ಸು, ಹೋದ ವರ್ಷದಿಂದ ಅಮ್ಮನ ನೆನಪು ಹಿಂದಕ್ಕೆ ಜಾರುತ್ತಲೇ ಇದೆ, ದಿನಕ್ಕೊಂದು ಬಸ್ಸು, ದಿನಕ್ಕೊಂದು ಊರು, ಸುಮಲತ ಫೋನು ಕಿವಿಯಲ್ಲಿಟ್ಟುಕೊಂಡೇ ಕೈ ಬೀಸಿದಳು, ಆಯ್ತು ಹೋಗಮ್ಮ ಎಂಬ ಹಾಗೆ. ಹೋಗು ಅಂದಳು, ಹೋದಳು. ಈ ಕೈ, ಇದೇ ಕೈ.

ಅಮ್ಮ ಎಲ್ಲೂ ಕಾಣದೆ ನಿನ್ನೆ ಮಧ್ಯಾಹ್ನ ಜಾಹೀರಾತು ಹಾಕಲು ಕೂತಾಗ ನಿಮ್ಮ ಗುರಿ ಏನು ಎಂದು ಮೆಷೀನು ಎಂದಿನಂತೆ ಕೇಳಿತು, ಅಮ್ಮ ಎಂದು ಒತ್ತುವ ಗುಂಡಿ ಅದರಲ್ಲಿ ಇರಲಿಲ್ಲ. ಹೆಚ್ಚು ಜನ, ಹೆಚ್ಚು ಲೈಕು, ಇಡೀ ಕರ್ನಾಟಕ, ಆಂಧ್ರ, ತಮಿಳುನಾಡು, ದುಬೈಯೂ ಇರಲಿ, ಎಲ್ಲ ಒತ್ತಿದಳು, ಸುಧಾಕರ್‌ಗೆ ಹೇಳಿದ ಬುದ್ಧಿಯೆಲ್ಲ ಎಲ್ಲಿ ಹೋಯಿತು, ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಫೋಟೋ ಎರಡಿದ್ದವು, ಒಂದು ಕೊಟ್ಟಿಗೆಯಲ್ಲಿ ತೆಗೆದದ್ದು, ಬಾಚದ ತಲೆ, ಆ ಹಸಿರು ಸೀರೆ, ಹೆಗಲ ಮೇಲೆ ಟವೆಲ್ಲು, ಇನ್ನೊಂದು ಅತ್ತಿಗೆಯ ಸೀಮಂತದ್ದು, ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ನಗು. ಅಣ್ಣ ಬಗ್ಗಿ ನೋಡಿದ, ಥೂ, ಆ ಕೊಟ್ಟಿಗೇದು ಬ್ಯಾಡ, ಅಮ್ಮನ್ನ ಎಂಗಿಟ್ಟವ್ರೆ ನೋಡು ಅಂತಾರೆ ಜನ, ಸೀಮಂತದ್ದು ಆಕು. ಅವಳು ಎರಡನ್ನೂ ಹಾಕಿದಳು, ಯಾವುದು ಓಡುತ್ತದೋ ಅದನ್ನು ಮೆಷೀನೇ ಆರಿಸಲಿ ಎಂದು, ಅದೇ ರೂಢಿ, ಅದು ಆರಿಸಿತು, ಸಂಜೆಯೊಳಗೆ ಕೊಟ್ಟಿಗೆಯ ಅಮ್ಮನನ್ನು ಪಕ್ಕಕ್ಕೆ ತಳ್ಳಿತು, ಆ ಮುದುಕಿಗೆ ಯಾರು ಹೃದಯ ಒತ್ತುತ್ತಾರೆ, ರೇಷ್ಮೆಯ ಅಮ್ಮ ಊರೂರು ಮೆರೆದಳು, ಆ ರೇಷ್ಮೆಯ ಅಮ್ಮ ಕಳೆದೇ ಇಲ್ಲ, ಅವಳು ಗೋಡೆಯ ಮೇಲೆ ಚೌಕಟ್ಟಿನೊಳಗೆ ಭದ್ರವಾಗಿದ್ದಾಳೆ, ಕಳೆದದ್ದು ಟವೆಲ್ಲಿನವಳು. ಇಷ್ಟು ತಿಳಿಯಲು ಒಂದು ರಾತ್ರಿ ಬೇಕಾಯಿತೇ ನಿನಗೆ, ಸುಮಲತ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದೆಯಲ್ಲ.

ನಿಲ್ಲಿಸು, ಅಳಬೇಡ, ಅತ್ತರೆ ಅಕ್ಷರ ಕಾಣುವುದಿಲ್ಲ. ರೇಷ್ಮೆಯದನ್ನು ತೆಗೆದಳು, ಲೈಕು ಬೇಡ, ದುಬೈ ಬೇಡ, ಹುಬ್ಬಳ್ಳಿ ಬೇಡ, ನಕ್ಷೆಯ ವೃತ್ತವನ್ನು ಎಳೆದೆಳೆದು ಸಣ್ಣದು ಮಾಡಿದಳು, ಬಂಗಾರಪೇಟೆ, ಕೆಜಿಎಫ್, ಬೇತಮಂಗಲ, ಅಷ್ಟೇ, ಒಂದು ಮುದುಕಿ ಬಸ್ಸಿನಲ್ಲೋ ಕಾಲ್ನಡಿಗೆಯಲ್ಲೋ ಹೋಗಬಹುದಾದಷ್ಟು, ಗುರಿ ಫೋನ್ ಕರೆ, ಬೇರೇನಲ್ಲ, ಕೊಟ್ಟಿಗೆಯ ಫೋಟೋ ಒಂದೇ. ಮೆಷೀನು ಕಲಿಯುತ್ತಿದೆ ಎಂದು ಪರದೆ ತೋರಿಸಿತು, ಹತ್ತಾರು ಕರೆ ಬಂದ ಮೇಲೆಯೇ ಅದು ಕಲಿಯುವುದು, ಅವಳಿಗೆ ಬೇಕಾದದ್ದು ಒಂದು, ಹತ್ತಾರು ಅಮ್ಮಂದಿರನ್ನು ಎಲ್ಲಿಂದ ತರಲಿ. ಹೃದಯಗಳು ನಿಂತವು, ಹಸಿರು ಬಾಣ ಕೆಳಗೆ ಬಗ್ಗಿತು, ನಿಮ್ಮ ಜಾಹೀರಾತು ಕುಂಟುತ್ತಿದೆ, ವೃತ್ತ ದೊಡ್ಡದು ಮಾಡಿ ಎಂದು ಮೆಷೀನು ಉಪದೇಶ ಮಾಡಿತು, ಬಾಯಿ ಮುಚ್ಚು. ಅಣ್ಣ ಬಾಗಿಲಲ್ಲಿ, ಏನಾಯ್ತು, ಯಾರೂ ನೋಡ್ತಾ ಇಲ್ವ, ನೋಡಬೇಕಾದವರು ನೋಡಲಿ ಅಣ್ಣಯ್ಯ ಅಂದಳು, ಬೇತಮಂಗಲ ಯಾಕ್ ಆಕಿದ್ದೀಯ, ಆ ಊರು ಬಿಟ್ಟು ಎಷ್ಟು ಕಾಲಾಯ್ತು, ಅಲ್ಲಿ ನಮ್ದು ಅಂತ ಏನೈತೆ. ಏನಿದೆ, ಏನೂ ಇಲ್ಲ, ಒಂದು ಬಸ್ ನಿಲ್ದಾಣ ಇತ್ತು, ಅವಳು ಕಾಲೇಜಿಗೆ ಹೋಗುವಾಗ ಅಮ್ಮ ಹಾಲಿನ ಕ್ಯಾನು ಕೆಳಗಿಟ್ಟು ಓಡಿಬರುತ್ತಿದ್ದಳು, ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲು ಎಸೆದು, ಏಯ್, ಅದು ನನ್ ಮಗಳ ಸೀಟು, ಟವೆಲ್ ಆಕಿವ್ನಿ, ಯಾರೂ ಕೂತ್ಕಬ್ಯಾಡಿ, ಬಸ್ಸಿನವರೆಲ್ಲ ನಗುತ್ತಿದ್ದರು, ಅವಳಿಗೋ ಮುಖ ಎತ್ತಲಾಗದ ನಾಚಿಕೆ — ಫೋನು.

ಗೊತ್ತಿಲ್ಲದ ನಂಬರು. ಹಲೋ, ಟವೆಲ್ಲಿನ ಅಜ್ಜಿ ಫೋಟೋ ಆಕಿರೋರು ನೀವೇನಾ, ನಾನು ಕದಿರಮ್ಮ ಅಂತ, ಬೇತಮಂಗಲ ಬಸ್‌ಸ್ಟ್ಯಾಂಡ್ನಾಗೆ ಟೀ ಅಂಗಡಿ ಇಟ್ಟಿವ್ನಿ. ಇದಾಳಾ, ಅಮ್ಮ ಇದಾಳಾ. ನೆನ್ನೆ ಇಡೀ ದಿನ ಇಲ್ಲೇ ಕಲ್‌ಬೆಂಚ್ ಮೇಲೆ ಕೂತಿದ್ರಮ್ಮ, ಪಕ್ಕದಾಗೆ ಟವೆಲ್ ಆಕ್ಕೊಂಡು, ಯಾರು ಬಂದ್ರೂ ಕೂರಾಕೆ ಬಿಡ್ನಿಲ್ಲ, ನನ್ ಮಗಳು ಬತ್ತಾಳೆ ಅಂತಾರೆ, ಟೀ ಕೊಟ್ರೆ ಅವ್ಳು ಬಂದ್ಮೇಲೆ ಕುಡೀತೀನಿ ಅಂತಾರೆ, ಆಗ್ಲೇ ನನ್ ಫೋನ್ನಾಗೆ ಇನ್ನೊಂದು ಫೋಟೋ ಬಂತು, ಯಾರೋ ರೇಷ್ಮೆ ಸೀರೆ ಅಮ್ಮ ಕಳ್ದೋಗವ್ರೆ ಅಂತ, ಪಾಪ ಅನ್ಸಿ ಆ ಕೆಂಪು ಆರ್ಟು ಒತ್ತಿದೆ ನೋಡಿ, ಅದೂ ಇವ್ರೂ ಒಬ್ರೇ ಅಂತ ನಂಕೇನ್ ಗೊತ್ತು ತಾಯಿ, ಇವಾಗ ಟವೆಲ್ ನೋಡ್ದಾಗಲೇ ಗೊತ್ತಾಗಿದ್ದು. ಈಗ, ಈಗ ಎಲ್ಲಿ, ಫೋನು ಕೊಡಿ ಅವಳಿಗೆ. ಇಲ್ವಲ್ಲಮ್ಮ, ಕತ್ಲಾದಾಗ ನಾನು ಅಂಗಡಿ ಮುಚ್ಚಿ ಮನೆಗೋದೆ, ಬೆಳಗ್ಗೆ ಬಂದು ನೋಡಿದ್ರೆ ಅವ್ರಿಲ್ಲ, ಟವೆಲ್ ಮಾತ್ರ ಅಂಗೇ ಐತೆ, ನಾಕು ಮಡಿಕೆ ಮಡಚಿ, ನಾನು ಮುಟ್ಟಿಲ್ಲ, ಮಗಳದು ಅಂದಿದ್ರಲ್ಲ.

ಅಣ್ಣ ಗಾಡಿ ಸ್ಟಾರ್ಟ್ ಮಾಡಿ ಕೂಗುತ್ತಿದ್ದಾನೆ, ಬಾರಮ್ಮಿ, ಬಿರ್‍ನೆ ಬಾ, ಬರುತ್ತೇನೆ, ಅದಕ್ಕೆ ಮೊದಲು ವೃತ್ತ ಬದಲಿಸಬೇಕು, ಬೇತಮಂಗಲದ ಸುತ್ತ, ಕೆರೆ ಏರಿ, ತೋಟಗಳು, ಫೋಟೋನೂ ಬದಲಿಸಬೇಕು, ಅಮ್ಮನ ಹೆಗಲ ಮೇಲೆ ಈಗ ಟವೆಲ್ಲಿಲ್ಲ, ಟವೆಲ್ಲಿಲ್ಲದ ಅಮ್ಮನ ಫೋಟೋ ಸೀಮಂತದ್ದು ಬಿಟ್ಟರೆ ಒಂದೂ ಇಲ್ಲ, ನಿಮ್ಮ ಗುರಿ ಏನು ಎನ್ನುತ್ತದೆ ಪರದೆ, ಬೆರಳು ಒತ್ತುತ್ತಿಲ್ಲ, ಏಳಬೇಕು, ಜಾಗ ಹಿಡಿದು ಹೋದವರು ಬರುತ್ತಾರೆ, ಬಂದೇ ಬರುತ್ತಾರೆ, ಇಲ್ಲದಿದ್ದರೆ ಟವೆಲ್ಲು ಯಾಕೆ ಬಿಡುತ್ತಾರೆ, ಅವಳು ಬಂದ್ಮೇಲೆ ಕುಡೀತೀನಿ, ಕಲ್ಲುಬೆಂಚು, ರಾತ್ರಿಯೆಲ್ಲ ಇಬ್ಬನಿ ಕುಡಿದು ಒದ್ದೆಯಾಗಿರುವ, ನಾಲ್ಕು ಮಡಿಕೆಯ, ಯಾರೂ ಕೂರದ ಆ ಜಾಗದಲ್ಲಿ, ಅವಳ ಜಾಗದಲ್ಲಿ, ಕೆಂಪು ಗೆರೆಯ ಟವೆಲ್ಲು, ಟವೆಲ್ಲು