ಅಮ್ಮ ಬೇಡವೆಂದ ಕಾಲೇಜು

ಬೀಸಣಿಗೆಯ ಗಾಳಿ ಅಮ್ಮನ ಕತ್ತಿನವರೆಗೂ ಹೋಗುತ್ತಿಲ್ಲ, ಮೂರು ಸಾಲು ಆಚೆ, ಬೆವರು ಕಾಲರಿನೊಳಗೆ ಇಳಿಯುತ್ತಿದೆ, ಆದರೂ ತಿರುಗಿ ನೋಡಳು, ನಿನ್ನೆಯಿಂದ ಮಾತಿಲ್ಲ — ಒವೆಟ್ಟಾ ಚರ್ಚಿನ ಗೋಡೆ ಪಕ್ಕ ಬೀಸಣಿಗೆ ಬೀಸುತ್ತ ನಿಂತಿದ್ದಾಳೆ, ಬಿಳಿ ಉಡುಪು, ಬಿಳಿ ಟೋಪಿ, ಭಾನುವಾರದ ನರ್ಸ್, ಪವಿತ್ರಾತ್ಮ ಮೈದುಂಬಿ ಬಿದ್ದವರನ್ನು ಹಿಡಿಯಲು ಓದೇನೂ ಬೇಕಿಲ್ಲ, ತೋಳು ಗಟ್ಟಿಯಿದ್ದರೆ ಸಾಕು, ಉಳಿದ ದಿನ ಸೋದರಮಾವನ ಶವಸಂಸ್ಕಾರದ ಮನೆಯಲ್ಲಿ ಹೆಣಗಳಿಗೆ ಸ್ನಾನ, ತಲೆ ಬಾಚುವುದು, ವಯಸ್ಸು ಮೂವತ್ತೊಂಬತ್ತಾಯಿತು, ಸಂಜೆ ಕಾಲೇಜು ಮುಗಿಸಿ, ಪ್ರವೇಶ ಪರೀಕ್ಷೆ ಗೆದ್ದು, ಈಗ ಯಾವ ಯಾವ ವೈದ್ಯಕೀಯ ಕಾಲೇಜಿಗೆ ಅರ್ಜಿ ಎಂದು ನಾಳೆಯೊಳಗೆ ತೀರ್ಮಾನಿಸಬೇಕು. ವಯಸ್ಸಾದವರನ್ನ ತಗೊಳ್ಳೋ ಕಡೆ ಮಾತ್ರ ಹಾಕಮ್ಮ, ಆಸೆಗೂ ಒಂದು ಮಿತಿ ಬೇಕು ಅಂದಿದ್ದ ಕಾಲೇಜಿನ ಸಲಹೆಗಾರ — ವಯಸ್ಸಾದವರಂತೆ! ಅಷ್ಟು ಹೆಣಗಳ ಮುಂದೆ ಅಂಜದವಳು ಮೀಸೆ ಬಲಿಯದ ಅವನಿಗೆ ಅಂಜುತ್ತಾಳೆಯೇ, ಉತ್ತರದ ಹಿಮದೂರಿನ ದೊಡ್ಡ ಕಾಲೇಜನ್ನು ಆರಿಸಿಯಾಯಿತು, ಸಮುದ್ರದ ಪಕ್ಕದ್ದೂ ಆಯಿತು, ನಮ್ಮ ಕರಿಯರೇ ಕಟ್ಟಿದ್ದನ್ನು ಬಿಡುವುದುಂಟೇ, ಉಳಿದದ್ದು ಒಂದೇ, ನಮ್ಮ ರಾಜ್ಯದ್ದು, ಇಲ್ಲಿಯವರಿಗೇ ಮೊದಲ ಮಣೆ ಹಾಕುವಂಥದ್ದು, ಅಲ್ಲಿ ಓದಿದರೆ ಈ ಹತ್ತಿ ಸೀಮೆಗೇ ಡಾಕ್ಟರಾಗಿ ಮರಳಬಹುದು, ಇಡೀ ಕೌಂಟಿಯಲ್ಲಿ ಒಬ್ಬ ಡಾಕ್ಟರಿಲ್ಲ, ಎಷ್ಟೋ ಮಂದಿ ದಾರಿಯಲ್ಲೇ ತೀರಿಕೊಂಡು ನೇರ ಅವಳ ಮೇಜಿಗೆ ಬರುತ್ತಾರೆ — ಆದರೆ ಅಮ್ಮ. ಆ ಹೆಸರು ನನ್ನ ಮುಂದೆ ಎತ್ತಬೇಡ ಅಂದುಬಿಟ್ಟಳು. ಅಮ್ಮನಿಗಾಗ ಏಳು ವರ್ಷ, ಅಜ್ಜಿಗೆ ಹೆರಿಗೆ ನೋವು, ಆ ಕಾಲೇಜಿನದೇ ಆಸ್ಪತ್ರೆಯ ಹಿಂಬಾಗಿಲು, ಕರಿಯರು ಇಲ್ಲೇ ಕಾಯ್ರಿ, ಕಾದರು, ಅಜ್ಜಿ ಬೆಂಚಿನ ಮೇಲೆ — ಅಮ್ಮನ ಕಥೆ ಯಾವಾಗಲೂ ಅಲ್ಲಿಗೇ ನಿಲ್ಲುತ್ತದೆ. ಅಂಥವರ ಬಾಗಿಲಿಗೆ ನನ್ನ ಮಗಳು ಕೈ ಒಡ್ಕೊಂಡು ಹೋಗ್ಬೇಕಾ?

ಪಾದ್ರಿ ಟೀಗ್ ಕೂಗುತ್ತಿದ್ದಾರೆ, ನಮ್ಮ ಡಾಕ್ಟರ್ ಒವೆಟ್ಟಾ! — ಅಯ್ಯೋ, ಇವರಿಗೆ ಯಾರು ಹೇಳಿದರು, ಅರ್ಜಿಯೇ ಹೋಗಿಲ್ಲ, ಕೂಸು ಹುಟ್ಟುವ ಮುಂಚೆ ಕುಲಾವಿ — ಎಲ್ಲರೂ ಎದ್ದರು, ಚಪ್ಪಾಳೆ, ಆಮೆನ್, ಹಿಂದಿನಿಂದ ಯಾರೋ, ಡಾಕ್ಟರಮ್ಮ, ಮೊದ್ಲು ನನ್ನ ಮಂಡಿ ನೋಡು, ನಗು, ಇದು ನಾಚಿಕೆಯಲ್ಲ, ಸುಳ್ಳೇಕೆ, ಹೆಮ್ಮೆಯೇ, ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಎದೆ ಉಬ್ಬಿದೆ, ಆದರೆ ಅಮ್ಮ ಕೂತೇ ಇದ್ದಾಳೆ, ಎದ್ದು ನಿಂತವರ ನಡುವೆ ಅಮ್ಮ ಕೂತೇ ಇದ್ದಾಳೆ. ಯಾವ್ಯಾವ ಕಾಲೇಜಮ್ಮ, ಹೆಸರು ಹೇಳು, ನಾವೂ ಪ್ರಾರ್ಥನೆ ಮಾಡ್ಬೇಕಲ್ಲ, ಪಾದ್ರಿ ಬಿಡುವವರಲ್ಲ, ಜನ ಕೂತು ಕಾಯುತ್ತಿದ್ದಾರೆ, ಒವೆಟ್ಟಾ ಹೇಳುತ್ತಾಳೆ, ಹಿಮದೂರಿನದು, ಸಮುದ್ರದ ಪಕ್ಕದ್ದು, ನಮ್ಮವರದ್ದು, ಅಷ್ಟೇ ಅನ್ನುತ್ತಾಳೆ. ಇನ್ನೊಂದು ಬಿಟ್ಟೆ ನೋಡು — ಅಮ್ಮನ ದನಿ, ಮುಂದಿನ ಬೆಂಚು ಹಿಡಿದು ಮೇಲೇಳುತ್ತಿದ್ದಾಳೆ, ಆ ಕಾಲೇಜಿನ ಹೆಸರು, ಮನೆಯಲ್ಲಿ ಯಾರೂ ಎತ್ತದ ಹೆಸರು, ಸೂರಿಗೆ ಬಡಿಯುವಂತೆ ಹೇಳಿಬಿಟ್ಟಳು, ಅಲ್ಲಿಗೂ ಹಾಕ್ತಾಳೆ ಪಾದ್ರಿಗಳೇ, ಆದ್ರೆ ಒಂದು ಕೇಳ್ಕೊಳ್ಳಿ, ನನ್ನ ಮಗಳು ಅವರನ್ನ ಬೇಡ್ತಿಲ್ಲ, ಅವರಿಗೂ ಒಂದು ಅವಕಾಶ ಕೊಡ್ತಿದಾಳೆ. ಒವೆಟ್ಟಾಳ ಬೀಸಣಿಗೆ ನಿಂತುಹೋಗಿದೆ, ನಾಳೆ, ಅರ್ಜಿ, ಏಳು ವರ್ಷದ ಹುಡುಗಿ, ಬೆಂಚು — ಎಲ್ಲರೂ ಕೂತಿದ್ದಾರೆ, ಅಮ್ಮ ನಿಂತಿದ್ದಾಳೆ, ಅಮ್ಮ ನಿಂತೇ ಇದ್ದಾಳೆ.